ಸೂರು ಮತ್ತು ಕಸುಬು: ನಮ್ಮ ನಾಲ್ಕು ಪಟ್ಟಣಗಳ ವಸತಿ ನೀತಿ ಹೇಗಿರಬೇಕು?

ಬಡವರಿಗೆ ಮನೆ ಕಟ್ಟಿಸಿಕೊಡುವ ವಿಷಯ ಬಂದಾಗಲೆಲ್ಲ ವರ್ತಕರೂ ಉದ್ದಿಮೆದಾರರೂ ಆದ ನಾವು ಅದನ್ನು ಸರ್ಕಾರದ ಕೆಲಸವೆಂದೋ, ಚುನಾಯಿತ ಪ್ರತಿನಿಧಿಗಳ ಕೆಲಸವೆಂದೋ ಭಾವಿಸಿ ಪಕ್ಕಕ್ಕೆ ಸರಿಸುವುದು ವಾಡಿಕೆ. ತೆರಿಗೆ, ವಿದ್ಯುತ್ ದರ, ಬ್ಯಾಂಕ್ ಸಾಲ, ಸಾಗಾಣಿಕೆ ಮುಂತಾದ ವಿಷಯಗಳ ಮೇಲೆ ನಾವು ಸಲ್ಲಿಸಿರುವ ಮನವಿಗಳಿಗೆ ಲೆಕ್ಕವಿಲ್ಲ. ಆದರೆ ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವವರು ಎಲ್ಲಿ ವಾಸಿಸುತ್ತಾರೆ, ನಮಗೆ ಸರಕು ಪೂರೈಸುವ ಕುಶಲಕರ್ಮಿಯ ಮನೆಯ ಚಾವಣಿ ಸೋರುತ್ತಿದೆಯೇ ಎಂಬ ಪ್ರಶ್ನೆಯನ್ನು ನಾವು ನಗರಸಭೆಯ ಮುಂದೆ ಇಟ್ಟದ್ದು ಬಹಳ ಅಪರೂಪ.

ಈ ಉದಾಸೀನತೆಯಿಂದ ನಷ್ಟವಾಗುತ್ತಿರುವುದು ನಮಗೇ ಎಂಬುದು ಈ ಲೇಖನದ ವಾದ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪಟ್ಟಣಗಳ ಹಳೆಯ ಬೀದಿಗಳಲ್ಲಿ ಮನೆ ಬೇರೆ, ಕಾರ್ಯಾಗಾರ ಬೇರೆ ಎಂಬ ವಿಂಗಡಣೆಯೇ ಇಲ್ಲ. ಮುಂಭಾಗದಲ್ಲಿ ಕಸುಬು, ಹಿಂಭಾಗದಲ್ಲಿ ಅಡುಗೆಮನೆ, ಮೇಲೆ ಅಟ್ಟದಲ್ಲಿ ಕಚ್ಚಾ ಸಾಮಗ್ರಿ. ಇದು ತಲೆಮಾರುಗಳಿಂದ ನಡೆದುಬಂದ ವ್ಯವಸ್ಥೆ. ಇಂತಹ ಕಡೆ ವಸತಿ ಯೋಜನೆಯೊಂದು ಕಸುಬನ್ನು ಮರೆತು ಮನೆಯನ್ನು ಮಾತ್ರ ಕಟ್ಟಿದರೆ, ಅದು ಕುಟುಂಬಕ್ಕೆ ಸೂರು ಕೊಟ್ಟು ಅನ್ನವನ್ನು ಕಿತ್ತುಕೊಂಡಂತಾಗುತ್ತದೆ. ಆದ್ದರಿಂದ ಸ್ಥಳೀಯ ಸಂಸ್ಥೆಗಳು ವಸತಿಗಾಗಿ ವೆಚ್ಚ ಮಾಡುವ ಹಣವು ಮೊದಲು ಈ ದುಡಿಯುವ ಬೀದಿಗಳನ್ನು ಇದ್ದಲ್ಲಿಯೇ ಸುಧಾರಿಸಲು ವಿನಿಯೋಗವಾಗಬೇಕು. ಹಾಗೆ ಆಗುವಂತೆ ಒತ್ತಾಯಿಸುವ ಹೊಣೆ ವಾಣಿಜ್ಯೋದ್ಯಮಿಗಳಾದ ನಮ್ಮ ಮೇಲಿದೆ.

ಮನೆಯೊಳಗಿನ ಉದ್ಯಮ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿರುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ಎಲ್ಲಿಗೆ ಹೋಗುತ್ತದೆ? ಬಹುಪಾಲು ಗೂಡು ಊರಿನ ಬಡಾವಣೆಗಳ ಇಕ್ಕಟ್ಟಾದ ಓಣಿಗಳಿಗೆ ಹೋಗುತ್ತದೆ. ಅಲ್ಲಿ ಚರಕ, ಕಾಟೇಜ್ ಬೇಸಿನ್, ಮಲ್ಟಿ ಎಂಡ್ ಯಂತ್ರಗಳ ಮೇಲೆ ನೂಲು ಬಿಚ್ಚುವ ಕೆಲಸ ನಡೆಯುತ್ತದೆ. ಸ್ವಯಂಚಾಲಿತ ಯಂತ್ರ ಹಾಕಿದ ದೊಡ್ಡ ಘಟಕಗಳು ಈಚಿನ ವರ್ಷಗಳಲ್ಲಿ ಬಂದಿರುವುದು ನಿಜ. ಆದರೂ ಈ ಉದ್ಯಮದ ಬುಡದಲ್ಲಿರುವುದು ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ, ಕುಟುಂಬದ ಸದಸ್ಯರನ್ನೂ ನಾಲ್ಕಾರು ಕೂಲಿಯವರನ್ನೂ ಸೇರಿಸಿಕೊಂಡು ನಡೆಯುವ ಸಣ್ಣ ಘಟಕವೇ.

ಚನ್ನಪಟ್ಟಣದ ಗೊಂಬೆ ಉದ್ಯಮವೂ ಅಷ್ಟೇ. ಆಲೆ ಮರದ ತುಂಡನ್ನು ಲೇತಿನ ಮೇಲೆ ಕಡೆದು, ಅರಗಿನ ಬಣ್ಣ ಹಚ್ಚಿ ಹೊಳಪು ಕೊಡುವ ಈ ಕಲೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ಒಬ್ಬರು ಕಡೆದರೆ ಮತ್ತೊಬ್ಬರು ಬಿಡಿಭಾಗ ಜೋಡಿಸುತ್ತಾರೆ. ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಹೆಂಗಸರು ಬಣ್ಣದ ಕೆಲಸ ಮುಗಿಸುತ್ತಾರೆ. ಮನೆಯೂ ಕೆಲಸದ ಸ್ಥಳವೂ ಒಂದೇ ಕಡೆ ಇರುವುದರಿಂದಲೇ ಈ ಶ್ರಮ ವಿಭಜನೆ ಸಾಧ್ಯವಾಗಿದೆ.

ಕನಕಪುರದಲ್ಲಿ ರೇಷ್ಮೆಯ ಜೊತೆಗೆ ಕಲ್ಲಿನ ಉದ್ಯಮವಿದೆ. ಹತ್ತಿರದ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರ ವಾಸದ ಅಗತ್ಯವಿದೆ. ಅವರೆ, ರಾಗಿಗೆ ಹೆಸರಾದ ಮಾಗಡಿಯಲ್ಲಿ ಬೆಳಗಾದರೆ ಬೆಂಗಳೂರಿನ ಬಸ್ಸು ಹತ್ತುವ ದುಡಿಯುವ ಕೈಗಳ ಸಂಖ್ಯೆ ಸಣ್ಣದಲ್ಲ. ಊರಿನಲ್ಲಿ ಒಂದು ಕೋಣೆಯನ್ನು ಕಸುಬಿಗೆ ಬಿಟ್ಟುಕೊಡುವಷ್ಟು ಜಾಗವಿದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಇಲ್ಲಿಯೇ ಉಳಿಯುತ್ತಿದ್ದರು ಎಂದು ಭಾವಿಸಲು ಕಾರಣಗಳಿವೆ.

ಯೋಜನೆಗಳ ಸರಮಾಲೆ

ಸರ್ಕಾರಗಳು ಈ ದಿಸೆಯಲ್ಲಿ ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. 1973ರ ಕೊಳಚೆ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನಾ ಕಾಯಿದೆಯಡಿ ರಾಜ್ಯದಲ್ಲಿ ಅದಕ್ಕೆಂದೇ ಮಂಡಳಿಯೊಂದು ಸ್ಥಾಪನೆಯಾಯಿತು. 1990ರ ದಶಕದ ಆರಂಭದಲ್ಲಿ ಎಸ್. ಬಂಗಾರಪ್ಪನವರ ಸರ್ಕಾರ ಆಶ್ರಯ ಯೋಜನೆಯನ್ನು ಜಾರಿಗೆ ತಂದಿತು. 2000ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಅಸ್ತಿತ್ವಕ್ಕೆ ಬಂದಿತು. ಕೇಂದ್ರದ ಕಡೆಯಿಂದ 2001ರಲ್ಲಿ ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆ, 2005ರಲ್ಲಿ ಜವಾಹರಲಾಲ್ ನೆಹರೂ ನಗರ ನವೀಕರಣ ಅಭಿಯಾನ, 2015ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ ಬಂದವು. ಕೊನೆಯದರ ಎರಡನೆಯ ಆವೃತ್ತಿ 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಇದರ ಪ್ರಕಾರ ನಮ್ಮಂತಹ ರಾಜ್ಯಗಳಲ್ಲಿ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವ ಅರ್ಹ ಕುಟುಂಬಕ್ಕೆ ಕೇಂದ್ರದಿಂದ 1.50 ಲಕ್ಷ ರೂ., ರಾಜ್ಯದಿಂದ ಕನಿಷ್ಠ 1 ಲಕ್ಷ ರೂ. ನೆರವು ದೊರೆಯಬೇಕು. ಮನೆಯ ಒಳ ವಿಸ್ತೀರ್ಣ 45 ಚದರ ಮೀಟರ್ ಮೀರುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಯೋಜನೆಗಳು ಫಲಾನುಭವಿಯ ಆದಾಯ, ಜಾತಿ, ನಿವೇಶನದ ದಾಖಲೆ ಇವನ್ನೆಲ್ಲ ಕೇಳುತ್ತವೆ. ಆತ ಅಥವಾ ಆಕೆ ಏನು ಕಸುಬು ಮಾಡುತ್ತಾರೆ, ಅದಕ್ಕೆ ಎಷ್ಟು ಜಾಗ ಬೇಕು, ನೀರು ಎಷ್ಟು ಬೇಕು, ಮೂರು ಫೇಸ್ ವಿದ್ಯುತ್ ಬೇಕೇ ಎಂಬುದು ಸಾಮಾನ್ಯವಾಗಿ ಅರ್ಜಿಯ ಭಾಗವಾಗಿ ಬರುವುದಿಲ್ಲ. ಪರಿಣಾಮವಾಗಿ, ಎಲ್ಲಿ ಭೂಮಿ ಅಗ್ಗವೋ ಅಲ್ಲಿ, ಅಂದರೆ ಊರಾಚೆಗೆ, ನಿವೇಶನ ಗುರುತಿಸುವುದು ಅಥವಾ ನಾಲ್ಕಂತಸ್ತಿನ ವಸತಿ ಸಮುಚ್ಚಯ ಕಟ್ಟುವುದು ಆಡಳಿತಕ್ಕೆ ಸುಲಭದ ದಾರಿಯಾಗಿದೆ. ಮೂರನೆಯ ಅಂತಸ್ತಿಗೆ ಗೂಡಿನ ಚೀಲ ಹೊತ್ತುಕೊಂಡು ಹೋಗುವುದು ಹೇಗೆ? ಕಡೆತದ ಸದ್ದನ್ನು ಪಕ್ಕದ ಮನೆಯವರು ಎಷ್ಟು ದಿನ ಸಹಿಸಿಯಾರು? ಇವು ನಕ್ಷೆ ಬರೆಯುವಾಗಲೇ ಉತ್ತರಿಸಬೇಕಾದ ಪ್ರಶ್ನೆಗಳು.

ಒಂದು ಸರಳ ಲೆಕ್ಕ

ವ್ಯಾಪಾರಿಗಳಾದ ನಮಗೆ ಲೆಕ್ಕದ ಭಾಷೆ ಬೇಗ ಅರ್ಥವಾಗುತ್ತದೆಯಾದ್ದರಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಚನ್ನಪಟ್ಟಣದ ಒಬ್ಬ ಗೊಂಬೆ ತಯಾರಕನಿಗೆ ಊರಿನಿಂದ ಆರು ಕಿಲೋಮೀಟರ್ ದೂರದಲ್ಲಿ ಮನೆ ಮಂಜೂರಾಯಿತು ಎನ್ನಿ. ಹೊಸ ಮನೆಯಲ್ಲಿ ಲೇತ್ ಇಡಲು ಅವಕಾಶವಿಲ್ಲ. ಆದ್ದರಿಂದ ಆತ ಊರಿನಲ್ಲಿ ತಿಂಗಳಿಗೆ 3,000 ರೂ. ಬಾಡಿಗೆಗೆ ಒಂದು ಕೋಣೆ ಹಿಡಿಯುತ್ತಾನೆ. ಗಂಡ, ಹೆಂಡತಿ ಇಬ್ಬರೂ ದಿನಕ್ಕೆ ತಲಾ 40 ರೂ. ಖರ್ಚು ಮಾಡಿ ತಿಂಗಳಿಗೆ 25 ದಿನ ಓಡಾಡಿದರೆ 2,000 ರೂ. ಒಟ್ಟು 5,000 ರೂ.; ವರ್ಷಕ್ಕೆ 60,000 ರೂ. ಸರ್ಕಾರ ಕೊಟ್ಟ 2.50 ಲಕ್ಷ ರೂ. ನೆರವು ನಾಲ್ಕು ವರ್ಷ ಎರಡು ತಿಂಗಳಲ್ಲಿ ಬಾಡಿಗೆಗೂ ಬಸ್ಸಿಗೂ ಕರಗಿಹೋಗುತ್ತದೆ. ಆ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲು ಹೊಸ ಮನೆಯಲ್ಲೇ ಉಳಿದರೆ ಬಸ್ಸಿನ ಖರ್ಚು ಉಳಿಯಬಹುದು, ಆದರೆ ಬಣ್ಣದ ಕೆಲಸದ ಆದಾಯ ನಿಂತುಹೋಗುತ್ತದೆ.

ಇದು ಆ ಕುಟುಂಬದ ಲೆಕ್ಕ ಮಾತ್ರವಲ್ಲ. ಆ ಗೊಂಬೆಯನ್ನು ಕೊಂಡು ಮಾರುವ ಅಂಗಡಿಯವರ, ಮರ ಪೂರೈಸುವವರ, ರಫ್ತು ಮಾಡುವವರ ಲೆಕ್ಕವೂ ಹೌದು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಹಳೆಯ ಹೆದ್ದಾರಿಯ ಬದಿಯ ಗೊಂಬೆ ಅಂಗಡಿಗಳಿಗೆ ಬರುವ ಪ್ರವಾಸಿಗರು ಇಳಿಮುಖವಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮಾರಾಟದ ಕಡೆಯಿಂದ ಪೆಟ್ಟು ತಿಂದಿರುವ ಉದ್ಯಮಕ್ಕೆ ಉತ್ಪಾದನೆಯ ಕಡೆಯಿಂದಲೂ ಪೆಟ್ಟು ಬಿದ್ದರೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬಂದೀತು?

ಕಲಾನಗರ ಕಲಿಸುವ ಪಾಠ

ಇದಕ್ಕೆ ಪರಿಹಾರ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಕಲಾನಗರವೇ ನಮ್ಮ ಕಣ್ಣೆದುರಿಗಿದೆ. ರಾಜ್ಯ ಸರ್ಕಾರದ ‘ವಿಶ್ವ’ ಯೋಜನೆ ಹಾಗೂ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಗೊಂಬೆ ಕುಶಲಕರ್ಮಿಗಳಿಗಾಗಿ ರೂಪುಗೊಂಡ ಈ ಬಡಾವಣೆಯಲ್ಲಿ ಮನೆ ಮತ್ತು ಕೆಲಸದ ಶೆಡ್ ಒಟ್ಟಿಗೆ ಇರಬೇಕೆಂಬ ವಿಚಾರವನ್ನು ಮೊದಲೇ ಒಪ್ಪಿಕೊಳ್ಳಲಾಗಿತ್ತು. ಜೊತೆಗೆ ಅರಗು ಕುಶಲಕಲಾ ಸಂಕೀರ್ಣದಲ್ಲಿ ವಿದ್ಯುತ್ ಲೇತುಗಳನ್ನು ಅಳವಡಿಸಿ, ಸ್ವಂತ ಯಂತ್ರ ಇಲ್ಲದವರೂ ಕೆಲಸ ಮಾಡಲು ಅನುಕೂಲ ಮಾಡಿಕೊಡಲಾಯಿತು. ಖಾಸಗಿಯಾಗಿ ಮಾಡಬಹುದಾದ ಕೆಲಸ ಮನೆಯಲ್ಲಿ, ಹೆಚ್ಚು ಬಂಡವಾಳ ಬೇಡುವ ಕೆಲಸ ಸಾಮಾನ್ಯ ಸೌಲಭ್ಯ ಕೇಂದ್ರದಲ್ಲಿ ಎಂಬ ಈ ಏರ್ಪಾಡು ವಿವೇಕದಿಂದ ಕೂಡಿದ್ದು.

ಆದರೆ ಕಲಾನಗರ ಒಂದು ಅಪವಾದವಾಗಿಯೇ ಉಳಿಯಿತು; ನಮ್ಮ ವಸತಿ ಯೋಜನೆಗಳ ಸಾಮಾನ್ಯ ನಿಯಮವಾಗಲಿಲ್ಲ. ಮೂರು ದಶಕಗಳಲ್ಲಿ ಕುಟುಂಬಗಳು ಬೆಳೆದಿವೆ, ಅಣ್ಣತಮ್ಮಂದಿರು ಪಾಲಾಗಿದ್ದಾರೆ. ಅಂದು ಒಂದು ಕುಟುಂಬಕ್ಕೆ ಸಾಕಾಗಿದ್ದ ಜಾಗದಲ್ಲಿ ಇಂದು ಎರಡು ಮೂರು ಸಂಸಾರಗಳು ನೆಲೆಸಬೇಕಾದಾಗ ಮೊದಲು ಬಲಿಯಾಗುವುದು ಕೆಲಸದ ಕೋಣೆಯೇ. ಮಗನಿಗೆ ಮದುವೆಯಾದರೆ ಲೇತ್ ಇದ್ದ ಜಾಗದಲ್ಲಿ ಮಂಚ ಬರುತ್ತದೆ. ಕುಶಲಕರ್ಮಿಗಳ ಮಕ್ಕಳು ಕಸುಬು ಬಿಡುತ್ತಿದ್ದಾರೆ ಎಂದು ನಾವು ವೇದಿಕೆಗಳ ಮೇಲೆ ಮರುಗುತ್ತೇವೆ. ಕಸುಬನ್ನು ಮುಂದುವರಿಸಲು ಅವರಿಗೆ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗವಿದೆಯೇ ಎಂದು ಮಾತ್ರ ವಿಚಾರಿಸುವುದಿಲ್ಲ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವೂ ಅಲ್ಲ. ಮುಂಬಯಿಯ ಧಾರಾವಿಯ ಪುನರಭಿವೃದ್ಧಿ ಎರಡು ದಶಕಗಳ ಕಾಲ ಎಳೆದಾಡಿದುದಕ್ಕೆ ಕಾರಣಗಳು ಹಲವಿದ್ದರೂ, ಅಲ್ಲಿನ ಕುಂಬಾರರು ಮತ್ತು ಚರ್ಮೋದ್ಯಮಿಗಳು ಕೇಳುತ್ತ ಬಂದ ಪ್ರಶ್ನೆ ಒಂದೇ: ಬಹುಮಹಡಿ ಕಟ್ಟಡಕ್ಕೆ ಹೋದ ಮೇಲೆ ನಮ್ಮ ಆವಿಗೆ ಎಲ್ಲಿ, ನಮ್ಮ ಯಂತ್ರ ಎಲ್ಲಿ? ಅಷ್ಟು ದೊಡ್ಡ ನಗರ ಎಡವಿದ ಕಡೆ ನಾವೂ ಎಡವಬೇಕಾಗಿಲ್ಲ.

ಚರಂಡಿ, ಖಾತೆ ಮತ್ತು ಸಾಲ

ವಸತಿ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ ಎಂಬುದನ್ನು 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆ ನಮಗೆ ಕಠಿಣವಾಗಿ ನೆನಪಿಸಿತು. ರಾಮನಗರದ ತಗ್ಗು ಪ್ರದೇಶದ ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಸಂಚಾರವೇ ಅಸ್ತವ್ಯಸ್ತವಾಯಿತು. ಸಾಮಾನ್ಯ ಮನೆಗೆ ನೀರು ನುಗ್ಗಿದರೆ ಹಾಸಿಗೆ, ದವಸ ಹಾಳಾಗುತ್ತವೆ. ನೂಲು ಬಿಚ್ಚುವವರ ಮನೆಗೆ ನುಗ್ಗಿದರೆ ಅವುಗಳ ಜೊತೆಗೆ ಗೂಡು, ಮೋಟಾರು, ಬೇಸಿನ್ನು ಎಲ್ಲವೂ ಹಾಳಾಗಿ, ನೀರು ಇಳಿದ ಮೇಲೂ ವಾರಗಟ್ಟಲೆ ದುಡಿಮೆ ನಿಲ್ಲುತ್ತದೆ. ಗೂಡು ಕೊಳ್ಳಲು ಸಾಲ ಮಾಡಿದ್ದರೆ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಇಂತಹ ಬೀದಿಗಳಲ್ಲಿ ಮಳೆನೀರು ಚರಂಡಿ ಮತ್ತು ರಾಜಕಾಲುವೆಯ ಹೂಳೆತ್ತುವ ಕೆಲಸವನ್ನು ಉದ್ಯಮದ ರಕ್ಷಣೆಗಾಗಿ ಮಾಡುವ ಬಂಡವಾಳ ಹೂಡಿಕೆ ಎಂದೇ ಪರಿಗಣಿಸಬೇಕು.

ಎರಡನೆಯದು ಹಕ್ಕುಪತ್ರದ ಪ್ರಶ್ನೆ. ಹಳೆಯ ಬೀದಿಗಳಲ್ಲಿ ಎಷ್ಟೋ ಮನೆಗಳಿಗೆ ಸರಿಯಾದ ಖಾತೆ ಇಲ್ಲ. ಕೆಲವು ಸರ್ಕಾರಿ ಜಾಗದಲ್ಲಿವೆ, ಕೆಲವು ಅನುಮೋದನೆಯಾಗದ ಬಡಾವಣೆಗಳಲ್ಲಿವೆ, ಇನ್ನು ಕೆಲವು ಅಜ್ಜನ ಹೆಸರಿನಲ್ಲೇ ಉಳಿದಿವೆ. ಪಟ್ಟಣ ಪ್ರದೇಶದ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮಗೊಳಿಸಲು ಭೂಕಂದಾಯ ಕಾಯಿದೆಯ 94–ಸಿಸಿ ಕಲಮಿನಡಿ ಅವಕಾಶ ಕಲ್ಪಿಸಲಾಗಿದೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ–ಖಾತೆ ನೀಡುವ ಅಭಿಯಾನವನ್ನೂ ಕೈಗೊಂಡಿತು. ಬಿ–ಖಾತೆಯು ತೆರಿಗೆ ವ್ಯಾಪ್ತಿಗೆ ತರುವ ದಾಖಲೆಯೇ ಹೊರತು ಸ್ವತ್ತನ್ನು ಪೂರ್ಣವಾಗಿ ಸಕ್ರಮಗೊಳಿಸುವುದಿಲ್ಲ ಎಂಬುದು ನಿಜ. ಆದರೂ ಏನೂ ಇಲ್ಲದಲ್ಲಿ ಇದು ಒಂದು ಮೆಟ್ಟಿಲು.

ದಾಖಲೆಯಿಲ್ಲದ ಮನೆಗೆ ವಸತಿ ನೆರವೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು 18 ಸಾಂಪ್ರದಾಯಿಕ ಕಸುಬುಗಳಲ್ಲಿ ಗೊಂಬೆ ತಯಾರಿಕೆಯನ್ನೂ ಸೇರಿಸಿದೆ. ಅದರಡಿ ಆಧಾರವಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ ರೂ., ಎರಡನೆಯ ಕಂತಿನಲ್ಲಿ 2 ಲಕ್ಷ ರೂ. ವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ, ಉಪಕರಣಗಳಿಗೆ 15,000 ರೂ. ಪ್ರೋತ್ಸಾಹಧನ ದೊರೆಯುತ್ತದೆ. ಒಳ್ಳೆಯ ಯೋಜನೆ. ಆದರೆ ಒಂದು ಇಲಾಖೆ ಉಪಕರಣ ಕೊಳ್ಳಲು ಹಣ ಕೊಡುವಾಗ ಮತ್ತೊಂದು ಇಲಾಖೆ ಆ ಉಪಕರಣ ಇಡಲು ಜಾಗವಿಲ್ಲದ ಮನೆಯನ್ನು ಕಟ್ಟಿಸಿದರೆ ಎರಡೂ ಹಣ ವ್ಯರ್ಥ.

ಬಾಡಿಗೆ ಮನೆ ಎಂಬ ಮರೆತ ಅಧ್ಯಾಯ

ಸ್ವಂತ ಮನೆಯ ಮಾತು ಇಷ್ಟಾಯಿತು. ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ, ಬೇರೆ ಜಿಲ್ಲೆಗಳಿಂದಲೂ ಉತ್ತರ ಭಾರತದಿಂದಲೂ ಬಂದ ಕಾರ್ಮಿಕರಿಗೆ ಸ್ವಂತ ಮನೆ ತಕ್ಷಣದ ಅಗತ್ಯವಲ್ಲ. ಅವರಿಗೆ ಬೇಕಾದುದು ಮರ್ಯಾದೆಯಿಂದ ಬದುಕಬಹುದಾದ ಬಾಡಿಗೆಯ ಕೋಣೆ. ಬೆಂಗಳೂರು ನಮ್ಮ ಕಡೆಗೆ ಬೆಳೆಯುತ್ತಿರುವಂತೆಲ್ಲ ಬಾಡಿಗೆಯೂ ಏರುತ್ತಿದೆ. 2021ರ ಜನವರಿಯಲ್ಲಿ ಮೆಟ್ರೋ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಆ ದಿಕ್ಕಿನಲ್ಲಿ ಜಮೀನಿನ ಬೆಲೆ ಹೇಗಿದೆ ಎಂಬುದನ್ನು ವರ್ತಕರಿಗೆ ವಿವರಿಸುವ ಅಗತ್ಯವಿಲ್ಲ.

ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯನ್ನು ಮಂಜೂರು ಮಾಡಿತು. ಖಾಲಿ ಉಳಿದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ಮಾದರಿ. ಸಂಸ್ಥೆಗಳು ತಮ್ಮ ಜಾಗದಲ್ಲೇ ಬಾಡಿಗೆ ಮನೆ ಕಟ್ಟಿ ನಡೆಸುವುದು ಇನ್ನೊಂದು ಮಾದರಿ. 2024ರ ಆವಾಸ್ ಯೋಜನೆಯಲ್ಲೂ ಬಾಡಿಗೆ ವಸತಿಯನ್ನು ಪ್ರತ್ಯೇಕ ಅಂಗವಾಗಿ ಉಳಿಸಿಕೊಳ್ಳಲಾಗಿದೆ. ಈ ಎರಡನೆಯ ಮಾದರಿ ನೇರವಾಗಿ ನಮ್ಮನ್ನು ಉದ್ದೇಶಿಸಿದ್ದು. ಹತ್ತು ಸಣ್ಣ ಕಾರ್ಖಾನೆಗಳವರು ಸೇರಿ ನೂರು ಕಾರ್ಮಿಕರಿಗೆ ವಸತಿಗೃಹ ಕಟ್ಟುವುದು ಅಸಾಧ್ಯದ ಮಾತಲ್ಲ. ಕೆಲಸಗಾರರು ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ ಎಂದು ದೂರುವ ನಾವು, ಅವರು ನಿಲ್ಲಲು ಎಲ್ಲಿ ಜಾಗ ಕೊಟ್ಟಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಹೊಸ ಉಪನಗರವೋ, ಹಳೆಯ ಊರೋ?

ಇಲ್ಲಿ ಒಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ. 2006ರ ವೇಳೆಗೆ ಬೆಂಗಳೂರಿನ ಸುತ್ತ ಐದು ಉಪನಗರಗಳ ಪ್ರಸ್ತಾಪ ಬಂದಾಗ ಅವುಗಳಲ್ಲಿ ಬಿಡದಿ, ರಾಮನಗರ, ಸಾತನೂರು ಮತ್ತು ಸೋಲೂರು, ಅಂದರೆ ನಾಲ್ಕು, ನಮ್ಮ ತಾಲ್ಲೂಕುಗಳಲ್ಲೇ ಇದ್ದವು. ಮರುವರ್ಷ, 2007ರಲ್ಲಿ, ರಾಮನಗರ ಜಿಲ್ಲೆ ರಚನೆಯಾಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಈ ನಡುವಿನ ವರ್ಷಗಳಲ್ಲಿ ಉಪನಗರದ ಕಡತ ಮೇಲೇಳುತ್ತ, ಮಲಗುತ್ತ ಬಂದು ಈಗ ಬಿಡದಿಯ ಸಮಗ್ರ ಉಪನಗರದ ರೂಪದಲ್ಲಿ ಮತ್ತೆ ಎದ್ದಿದೆ. ಭೂಮಿ ಕಳೆದುಕೊಳ್ಳುವ ರೈತರ ಪ್ರತಿಭಟನೆಯೂ ಅದರೊಂದಿಗೆ ಎದ್ದಿದೆ.

ಆ ಯೋಜನೆಯ ಒಳಿತುಕೆಡುಕುಗಳನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಹೇಳಬೇಕಾದುದು ಇಷ್ಟೇ: ಹೊಸ ನಗರ ಕಟ್ಟಿ ಮುಗಿಯಲು ದಶಕಗಳು ಬೇಕು. ಈ ಹತ್ತೊಂಬತ್ತು ಇಪ್ಪತ್ತು ವರ್ಷಗಳ ಅನುಭವವೇ ಅದಕ್ಕೆ ಸಾಕ್ಷಿ. ಅದುವರೆಗೆ ಹಳೆಯ ಊರಿನ ಬೀದಿಗಳು ಕಾಯುತ್ತ ಕೂರಲಾರವು. ಹೆಸರು ಬದಲಾದರೂ ಓಣಿಯ ಚರಂಡಿ ಬದಲಾಗದಿದ್ದರೆ, ಜಿಲ್ಲೆಯ ಹೆಸರಿನ ಜೊತೆಗೆ ಬೆಲೆ ಏರಿದ ನಿವೇಶನಗಳು ದುಡಿಯುವ ಜನರನ್ನು ಇನ್ನಷ್ಟು ದೂರ ತಳ್ಳುವುದು ಖಂಡಿತ.

ಒಂದು ನ್ಯಾಯವಾದ ಆಕ್ಷೇಪ

ಈ ವಾದಕ್ಕೆ ಪ್ರಾಮಾಣಿಕವಾದ ಆಕ್ಷೇಪವೊಂದಿದೆ. ಗೂಡು ಬೇಯಿಸುವ ಹೊಗೆ, ಹುಳುವಿನ ದುರ್ವಾಸನೆ, ಬೇಸಿನ್ನಿನ ಕೊಳಕು ನೀರು ಇವು ಮನೆಗಳ ನಡುವೆ ಇರಬಾರದು. ಮಕ್ಕಳು ಆಡುವ ಜಾಗದಲ್ಲಿ ಬಾಯ್ಲರ್ ಉರಿಯಬಾರದು. ಆದ್ದರಿಂದ ಉದ್ಯಮವನ್ನು ಊರಾಚೆಗೆ ಸ್ಥಳಾಂತರಿಸುವುದೇ ಸರಿ ಎಂದು ಅನೇಕರು ವಾದಿಸುತ್ತಾರೆ. ಆ ಬೀದಿಗಳಲ್ಲಿ ವಾಸಿಸುವವರ ಆರೋಗ್ಯದ ದೃಷ್ಟಿಯಿಂದಲೂ, ಅರ್ಕಾವತಿ ನದಿಯ ದೃಷ್ಟಿಯಿಂದಲೂ ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಆದರೆ ಎಲ್ಲ ಕೆಲಸವೂ ಒಂದೇ ಬಗೆಯದಲ್ಲ. ದೊಡ್ಡ ಬಾಯ್ಲರ್ ಇರುವ ಘಟಕಗಳನ್ನು ಕೈಗಾರಿಕಾ ನಿವೇಶನಗಳಿಗೆ ಒಯ್ಯುವುದು ನ್ಯಾಯ. ಅವರಿಗೆ ಆ ಶಕ್ತಿಯೂ ಇದೆ. ಚರಕದ ಸಣ್ಣ ಘಟಕಕ್ಕೆ ಆ ಶಕ್ತಿ ಇಲ್ಲ. ಅದನ್ನು ಎಬ್ಬಿಸಿದರೆ ಅದು ಸ್ಥಳಾಂತರವಾಗುವುದಿಲ್ಲ, ಮುಚ್ಚಿಹೋಗುತ್ತದೆ. ಅಂತಹವರಿಗೆ ಬೀದಿಯ ಮಟ್ಟದಲ್ಲೇ ಸಾಮಾನ್ಯ ಹಬೆ ವ್ಯವಸ್ಥೆ, ತ್ಯಾಜ್ಯ ನೀರಿನ ಸಾಮಾನ್ಯ ಸಂಸ್ಕರಣಾ ತೊಟ್ಟಿ, ಹುಳುವಿನ ತ್ಯಾಜ್ಯವನ್ನು ದಿನವೂ ಸಾಗಿಸುವ ಏರ್ಪಾಡು ಒದಗಿಸಬಹುದು. ಇನ್ನು ಕಡೆತ, ಬಣ್ಣ, ಜೋಡಣೆ, ಹೊಲಿಗೆ, ಪ್ಯಾಕಿಂಗ್ ಮುಂತಾದ ಕೆಲಸಗಳು ಧೂಳು, ಸದ್ದುಗಳನ್ನು ಹತೋಟಿಯಲ್ಲಿಟ್ಟರೆ ಮನೆಗಳ ನಡುವೆಯೇ ನಡೆಯಬಹುದು. ಮಾಲಿನ್ಯವನ್ನು ಕಡಿಮೆ ಮಾಡುವ ಖರ್ಚನ್ನು ತಪ್ಪಿಸಿಕೊಳ್ಳಲು ಈ ಲೇಖನವನ್ನು ಯಾರೂ ನೆಪ ಮಾಡಿಕೊಳ್ಳಬಾರದು.

ಸ್ಥಳೀಯ ಸಂಸ್ಥೆಗಳ ಮುಂದಿಡಬೇಕಾದ ಬೇಡಿಕೆಗಳು

ಈ ಹಿನ್ನೆಲೆಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ನಗರಸಭೆಗಳು ಹಾಗೂ ಮಾಗಡಿ ಪುರಸಭೆಯ ಮುಂದೆ ಈ ಕೆಳಗಿನ ಬೇಡಿಕೆಗಳನ್ನು ಇಡುವುದು ಸೂಕ್ತ.

1. ಪ್ರತಿ ಪಟ್ಟಣದಲ್ಲೂ ಮನೆಯಲ್ಲೇ ಕಸುಬು ನಡೆಸುವ ಕುಟುಂಬಗಳ ಬೀದಿವಾರು ಪಟ್ಟಿಯನ್ನು ರೇಷ್ಮೆ ಇಲಾಖೆ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರದ ನೆರವಿನಿಂದ ತಯಾರಿಸಬೇಕು. ಪಟ್ಟಿ ಇಲ್ಲದೆ ಯೋಜನೆ ಇಲ್ಲ.

2. ಇಂತಹ ಕುಟುಂಬಗಳಿಗೆ ವಸತಿ ನೆರವನ್ನು ಇದ್ದಲ್ಲಿಯೇ ನೀಡುವುದು ಮೊದಲ ಆಯ್ಕೆಯಾಗಬೇಕು. 45 ಚದರ ಮೀಟರಿನ ಮಿತಿಯೊಳಗೆ ಕೆಲಸದ ಕೋಣೆಯೂ ಸೇರಿದ ಎರಡು ಮೂರು ಮಾದರಿ ನಕ್ಷೆಗಳನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಬೇಕು.

3. ಕೊಳಗೇರಿ ಅಭಿವೃದ್ಧಿ ಮಂಡಳಿ ಬಹುಮಹಡಿ ಕಟ್ಟುವುದು ಅನಿವಾರ್ಯವಾದ ಕಡೆ, ನೆಲಮಾಳಿಗೆಯನ್ನು ಮನೆಗಳಿಗೆ ಬಳಸದೆ ನಿವಾಸಿಗಳ ಕೆಲಸದ ಶೆಡ್ಡುಗಳಿಗೆ ಮೀಸಲಿಡಬೇಕು.

4. ಸ್ಥಳೀಯ ಸಂಸ್ಥೆಗಳು ತಮ್ಮ ಸಂಪನ್ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5ರಷ್ಟು ತೆಗೆದಿರಿಸಬೇಕೆಂಬ ನಿಯಮವಿದೆ. ಈ ಹಣ ಚೂರುಚೂರಾಗಿ ಹಂಚಿಹೋಗುವ ಬದಲು, ಅದರ ಒಂದು ಭಾಗದಲ್ಲಿ ಅರ್ಹ ಕುಟುಂಬಗಳ ಮನೆ ದುರಸ್ತಿ, ವಿದ್ಯುತ್ ಸಂಪರ್ಕ ಮತ್ತು ಕೆಲಸದ ಕೋಣೆಯ ಕಾಮಗಾರಿಗಳನ್ನು ವಾರ್ಡುವಾರು ಕೈಗೊಳ್ಳಬೇಕು.

5. ನಗರ ಯೋಜನಾ ಪ್ರಾಧಿಕಾರಗಳು ಮಹಾಯೋಜನೆಯನ್ನು ಪರಿಷ್ಕರಿಸುವಾಗ ವಸತಿ ವಲಯದಲ್ಲಿ ಗೃಹೋದ್ಯಮಕ್ಕೆ ಸ್ಪಷ್ಟ ಅವಕಾಶವನ್ನೂ ಸ್ಪಷ್ಟ ಮಿತಿಯನ್ನೂ ಬರೆಯಬೇಕು. ಇಂದು ಪರವಾನಗಿ ಇದೆಯೋ ಇಲ್ಲವೋ ಎಂಬ ಗೊಂದಲದಲ್ಲಿ ಕುಶಲಕರ್ಮಿ ಪ್ರತಿಯೊಬ್ಬ ಅಧಿಕಾರಿಗೂ ಹೆದರಿ ಬದುಕುತ್ತಿದ್ದಾನೆ.

6. ಬಿಡದಿ, ಹಾರೋಹಳ್ಳಿಗಳ ಸಮೀಪ ಬಾಡಿಗೆ ವಸತಿಗಾಗಿ ಜಾಗ ಗುರುತಿಸಲು ಸ್ಥಳೀಯ ಸಂಸ್ಥೆಗಳು, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಉದ್ದಿಮೆದಾರರ ಜಂಟಿ ಸಭೆ ಕರೆಯಬೇಕು.

7. ಪಟ್ಟಣಗಳಲ್ಲಿ ಫಲಾನುಭವಿಗಳನ್ನು ಆಯ್ಕೆ ಮಾಡುವ ಆಶ್ರಯ ಸಮಿತಿಗಳು ಕುಶಲಕರ್ಮಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಅಭಿಪ್ರಾಯವನ್ನು ಆಲಿಸಬೇಕು.

ನಮ್ಮ ಪಾಲಿನ ಕರ್ತವ್ಯ

ಕೇಳುವುದು ಸುಲಭ, ಕೊಡುವುದು ಕಷ್ಟ. ನಗರಸಭೆಯ ಬೊಕ್ಕಸ ಖಾಲಿಯಾಗಿರಲು ನಮ್ಮಲ್ಲಿ ಕೆಲವರು ಆಸ್ತಿ ತೆರಿಗೆಯನ್ನು ಸ್ವಯಂ ಘೋಷಿಸುವಾಗ ಅಂಗಡಿಯನ್ನು ಮನೆಯೆಂದು, ಮೂರು ಅಂತಸ್ತನ್ನು ಎರಡೆಂದು ತೋರಿಸುವುದೂ ಒಂದು ಕಾರಣವೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉದ್ದಿಮೆ ಪರವಾನಗಿಯನ್ನು ನವೀಕರಿಸದೆ ವರ್ಷಗಟ್ಟಲೆ ವ್ಯಾಪಾರ ನಡೆಸುವವರೂ ನಮ್ಮ ನಡುವೆ ಇದ್ದಾರೆ. ತೆರಿಗೆ ಕೊಡದವನು ಚರಂಡಿ ಕೇಳುವ ನೈತಿಕ ಹಕ್ಕನ್ನು ಅರ್ಧ ಕಳೆದುಕೊಂಡಿರುತ್ತಾನೆ.

ಎರಡನೆಯದಾಗಿ, ರಸ್ತೆ ಅಗಲೀಕರಣ, ಬೀದಿಯ ಪುನರಭಿವೃದ್ಧಿಗಳು ಬಂದಾಗ ನಮ್ಮ ಅಂಗಡಿಯ ಮೆಟ್ಟಿಲು ಉಳಿಸಿಕೊಳ್ಳಲು ಹೋರಾಡುವ ನಾವು, ಹಿಂದಿನ ಓಣಿಯ ಬಡ ಕುಟುಂಬವನ್ನು ಎಬ್ಬಿಸುವಾಗ ಮೌನವಾಗಿರುವುದು ಸಲ್ಲದು. ಆ ಓಣಿಯೇ ನಮ್ಮ ಅಂಗಡಿಗೆ ಸರಕನ್ನೂ ಗಿರಾಕಿಯನ್ನೂ ಒದಗಿಸುವ ಮೂಲ. ಮೂರನೆಯದಾಗಿ, ನಮ್ಮಿಂದ ಸರಕು ಪೂರೈಕೆಯ ಮುಂಗಡ ಪಡೆಯುವ ಕುಶಲಕರ್ಮಿಗಳಿಗೆ ಖಾತೆ, ಉದ್ಯಮ ನೋಂದಣಿ, ವಸತಿ ಅರ್ಜಿಗಳನ್ನು ತುಂಬಿಕೊಡಲು ನಮ್ಮ ಗುಮಾಸ್ತರ ವಾರದ ಒಂದು ಗಂಟೆಯನ್ನು ಮೀಸಲಿಟ್ಟರೆ ಅದಕ್ಕೆ ತಗಲುವ ಖರ್ಚು ಅತ್ಯಲ್ಪ, ಫಲ ಅಪಾರ.

ನಮ್ಮ ಸಂಸ್ಥೆಯು ವಸತಿ ವಿಷಯಕ್ಕಾಗಿ ಒಂದು ಸ್ಥಾಯಿ ಉಪಸಮಿತಿಯನ್ನು ರಚಿಸಿ, ನಾಲ್ಕೂ ಪಟ್ಟಣಗಳಿಂದ ತಲಾ ಒಂದು ದುಡಿಯುವ ಬೀದಿಯನ್ನು ಆರಿಸಿಕೊಂಡು ಮೇಲಿನ ಬೇಡಿಕೆಗಳನ್ನು ಅಲ್ಲಿ ಪ್ರಯೋಗಿಸಿ ನೋಡುವಂತೆ ಸ್ಥಳೀಯ ಸಂಸ್ಥೆಗಳನ್ನು ಒಪ್ಪಿಸಬೇಕೆಂಬುದು ನನ್ನ ವಿನಮ್ರ ಸಲಹೆ. ನಾಲ್ಕು ಬೀದಿ ದೊಡ್ಡ ಸಂಖ್ಯೆಯಲ್ಲ. ಆದರೆ ಆ ನಾಲ್ಕು ಬೀದಿಗಳಲ್ಲಿ ಮಳೆಗಾಲದಲ್ಲೂ ಚರಕ ನಿಲ್ಲದಿದ್ದರೆ, ಮಗನ ಮದುವೆಯಾದ ಮೇಲೂ ಲೇತ್ ತನ್ನ ಜಾಗದಲ್ಲೇ ಇದ್ದರೆ, ಐದನೆಯ ಬೀದಿಯವರು ತಾವಾಗಿಯೇ ನಗರಸಭೆಯ ಬಾಗಿಲಿಗೆ ಬರುತ್ತಾರೆ. ಸದಸ್ಯ ಬಾಂಧವರು ಈ ಬಗ್ಗೆ ಯೋಚಿಸಿ, ತಮ್ಮ ತಮ್ಮ ಊರಿನ ಯಾವ ಬೀದಿಯನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದನ್ನು ಮುಂದಿನ ಸಭೆಗೆ ಮುನ್ನ ತಿಳಿಸಬೇಕಾಗಿ ಕೋರುತ್ತೇನೆ.